ಹೆದೆಯಿಂದ ಮಿದುಳಿಗೆ: ‘ನರ’ ನಡೆದ ದಾರಿ

ಕೂಡ್ಲಿಗಿಯದಾಗಲಿ ಹರಪನಹಳ್ಳಿಯದಾಗಲಿ, ತಾಲ್ಲೂಕು ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತವರ ಕಿವಿಗೆ ‘ನರ’ ಎಂಬ ಪದ ಬೀಳದೆ ಇರುವುದಿಲ್ಲ. “ಕುತ್ತಿಗಿ ನರ ಹಿಡಕಂಡೈತ್ರಿ” ಎನ್ನುತ್ತಾರೆ ಒಬ್ಬರು. “ಹಿಮ್ಮಡಿ ಮ್ಯಾಗಿನ ನರ ಎಳೀತೈತ್ರಿ” ಎನ್ನುತ್ತಾರೆ ಇನ್ನೊಬ್ಬರು. “ಅಂಗಾಲು ಜುಮ್ಮಂತಾವ, ನರ ಸತ್ತಂಗ ಆಗ್ಯಾವ” ಎನ್ನುವುದು ಸಕ್ಕರೆ ಕಾಯಿಲೆಯ ಹಿರಿಯರ ಮಾತು. ಒಳಗೆ ಸಲೈನ್ ಹಚ್ಚಲು ಬಂದ ಸಿಸ್ಟರ್ ಕೂಡ “ಅಜ್ಜಿ, ನಿನ್ನ ಕೈಯಾಗ ನರಾನ ಸಿಗವಲ್ದು” ಎಂದು ಮೊಣಕೈ ತಟ್ಟುತ್ತಾರೆ.

ನಾಲ್ಕು ಬಾಯಿ, ಒಂದೇ ಪದ. ಆದರೆ ವೈದ್ಯಶಾಸ್ತ್ರದ ಕಣ್ಣಿಗೆ ಅವು ನಾಲ್ಕು ಬೇರೆ ವಸ್ತುಗಳು. ಮೊದಲನೆಯದು ಬಿಗಿದುಕೊಂಡ ಸ್ನಾಯು. ಎರಡನೆಯದು ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ಪಟ್ಟಿ. ಮೂರನೆಯದು ನಿಜವಾದ ನರ, ಸ್ಪರ್ಶದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವಂಥದು. ನಾಲ್ಕನೆಯದು ರಕ್ತನಾಳ. ಓದಿದವರು ಇದನ್ನು ತಿಳಿವಳಿಕೆಯ ಕೊರತೆ ಎಂದು ಪಕ್ಕಕ್ಕಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ನಾಲ್ಕೂ ಅರ್ಥಗಳು ಒಂದೊಂದಾಗಿ ಬಂದು ಸೇರಿ ಆ ಪದದೊಳಗೆ ಒಟ್ಟಿಗೇ ಬಾಳುತ್ತಿವೆ. ಹೊಸ ಅರ್ಥ ಬಂದಾಗಲೂ ಹಳೆಯದನ್ನು ಹೊರಗಟ್ಟದ ಪದ ಇದು. ಅದರ ದಾರಿಯನ್ನು ಹಿಡಿದು ನಡೆದರೆ ರೋಗಿಯ ಮಾತೂ ವಿಜ್ಞಾನದ ಮಾತೂ ಎಲ್ಲಿ ಕೂಡುತ್ತವೆ ಎಂಬುದು ಕಾಣುತ್ತದೆ.

ಮೊದಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ನರಸಿಂಹ, ನರಬಲಿ, ನರಲೋಕ ಎನ್ನುವಲ್ಲಿಯ ‘ನರ’ ಸಂಸ್ಕೃತದ್ದು, ಮನುಷ್ಯ ಎಂದರ್ಥ. ನಮ್ಮ ಹಳೆಯ ಕಾವ್ಯಗಳಲ್ಲಿ ನರ ಎಂದರೆ ಅರ್ಜುನ. ಮೈಯೊಳಗಿನ ನರಕ್ಕೂ ಅದಕ್ಕೂ ಸಂಬಂಧವಿಲ್ಲ. ನೋವಿನಿಂದ ‘ನರಳು’ವುದೂ ಬೇರೆಯೇ ಬೇರಿನ ಮಾತು. ಮೈಯ ನರ ಅಪ್ಪಟ ದ್ರಾವಿಡ. ತಮಿಳಿನಲ್ಲಿ ನರಂಬು, ಮಲಯಾಳದಲ್ಲಿ ಞರಂಬು, ತೆಲುಗಿನಲ್ಲಿ ನರಮು, ತುಳುವಿನಲ್ಲಿ ನರ, ಕೊಡವದಲ್ಲೂ ನರ. ಕನ್ನಡದಲ್ಲಿ ‘ನರವು’ ಎಂಬ ರೂಪವೂ ಇತ್ತು. ಕೊನೆಯ ‘ವು’ ಸವೆದು ‘ನರ’ ಉಳಿಯಿತು. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವ ಬಾಳೆಯ ‘ನಾರು’ ಕೇಳಲು ಇದರ ಒಡಹುಟ್ಟಿದಂತಿದೆ. ಆದರೆ ಭಾಷಾಶಾಸ್ತ್ರಜ್ಞರು ನಾರನ್ನೂ ನರವನ್ನೂ ಬೇರೆ ಬೇರೆ ಧಾತುಗಳ ಕೆಳಗೆ ಇಟ್ಟಿದ್ದಾರೆ, ಅದನ್ನು ಒಪ್ಪಿಕೊಳ್ಳುವುದೇ ಸರಿ.

ಈ ಎಲ್ಲ ಸೋದರ ಭಾಷೆಗಳಲ್ಲೂ ಪದದ ಮೊದಲ ಅರ್ಥ ಮೈಯೊಳಗಿನ ಗಟ್ಟಿ ಎಳೆ. ಕಡಿದ ಕುರಿಯನ್ನು ಹದ ಮಾಡುವವರ ಕೈಗೆ ಮಾಂಸಕ್ಕಿಂತ ಬೇರೆಯಾಗಿ ಸಿಗುವ ಬಿಳಿಯ, ಜಗ್ಗಿದರೆ ಹರಿಯದ ವಸ್ತು. ಅದು ಒಣಗಿದರೆ ಇನ್ನೂ ಗಟ್ಟಿ. ಆದ್ದರಿಂದಲೇ ಮನುಷ್ಯ ಅದನ್ನು ಮೈಯಿಂದ ಹೊರತೆಗೆದು ಕೆಲಸಕ್ಕೆ ಹಚ್ಚಿದ. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳನ್ನು ಆಳಿದ ನಾಯಕರು ಬೇಡ ಸಮುದಾಯದವರು, ಬಿಲ್ಲಿನ ಮೇಲೆ ಬದುಕಿದ ಜನ. ಬಿಲ್ಲಿನ ಹೆದೆಗೆ ಸೆಣಬು, ಬಿದಿರಿನ ಸೀಳು ಬಳಕೆಯಲ್ಲಿದ್ದಂತೆ ಪ್ರಾಣಿಯ ನರವೂ ಕರುಳಿನ ಹುರಿಯೂ ಬಳಕೆಯಲ್ಲಿದ್ದವು. ಬಳ್ಳಾರಿ ಸೀಮೆಯ ಹತ್ತಿಯನ್ನು ಹಿಂಜುತ್ತಿದ್ದ ಪಿಂಜಾರರ ಬಿಲ್ಲಿಗೂ ಕರುಳಿನ ಹುರಿಯೇ ಬೇಕಿತ್ತು, ನೂಲಿನ ಹುರಿಗೆ ಆ ಮಿಡಿತ ಬರುವುದಿಲ್ಲ.

ಮಿಡಿಯುವ ಗುಣವೇ ಪದವನ್ನು ಸಂಗೀತಕ್ಕೆ ಕರೆದೊಯ್ದಿತು. ಸಂಗಂ ಕಾಲದ ತಮಿಳಿನಲ್ಲಿ ‘ನರಂಬು’ ಎಂದರೆ ಯಾಳ್ ಎಂಬ ವಾದ್ಯದ ತಂತಿ. ಕನ್ನಡದಲ್ಲಿ ಇದೇ ಅರ್ಥದ ನೆರಳು ಬಸವಣ್ಣನವರ ಬಹು ಪ್ರಸಿದ್ಧ ವಚನವೊಂದರಲ್ಲಿ ಬಿದ್ದಿದೆ. ಅಲ್ಲಿ ಭಕ್ತನ ದೇಹವೇ ವಾದ್ಯವಾಗುತ್ತದೆ, ತಲೆ ಸೋರೆಯಾಗುತ್ತದೆ, ನರ ತಂತಿಯ ಜಾಗಕ್ಕೆ ಬರುತ್ತದೆ. ಹನ್ನೆರಡನೆಯ ಶತಮಾನದ ಕೇಳುಗನಿಗೆ ಇದು ದೂರದ ರೂಪಕವಾಗಿ ಕೇಳಿಸಿರಲಾರದು. ವಾದ್ಯಕ್ಕೆ ಕಟ್ಟಿದ್ದೂ ಮೈಯಲ್ಲಿದ್ದದ್ದೂ ಅವನಿಗೆ ಒಂದೇ ವಸ್ತು. ಕೊಟ್ಟೂರಿನ ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವವರ ಬಾಯಲ್ಲಿ, ಉಜ್ಜಯಿನಿ ಪೀಠದ ಸುತ್ತಿನ ಊರುಗಳ ಭಜನೆಗಳಲ್ಲಿ ವಚನಗಳು ಇವತ್ತಿಗೂ ಹಾಡಾಗಿವೆ. ಹಾಡುವವರಲ್ಲಿ ಬಹಳಷ್ಟು ಮಂದಿ ನರ ಎಂದಾಗ ಈಗ ಮಿದುಳಿನ ಎಳೆಯನ್ನು ನೆನೆಯುತ್ತಾರೆ. ಪದ ಅದೇ, ಬಿಂಬ ಬದಲಾಗಿದೆ, ವಚನ ಎರಡಕ್ಕೂ ಒಗ್ಗುತ್ತದೆ.

ಎಲೆಗೂ ನರ ಉಂಟು. ವೀಳ್ಯದೆಲೆಯ ತೊಟ್ಟು ಮುರಿದು, ಬೆನ್ನಿನ ನರ ತೆಗೆದು ಸುಣ್ಣ ಸವರುವ ಅಜ್ಜಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಹರಿಯುವುದು, ಬಿಗಿಯುವುದು, ಮಿಡಿಯುವುದು, ಕವಲಾಗಿ ಹರಡುವುದು ಎಲ್ಲವೂ ನರವೇ. ಬೈಗುಳದಲ್ಲೂ ಅದೇ ಹಳೆಯ ಅರ್ಥ. ‘ನರಸತ್ತವನು’ ಎಂದರೆ ಕಸುವಿಲ್ಲದವನು. ಅಂದರೆ ನರ ಎಂದರೆ ಬಲ.

ಸಂಸ್ಕೃತ ನರಕ್ಕೆ ಸಮನಾಗಿ ಕೊಟ್ಟದ್ದು ‘ಸ್ನಾಯು’. ಸುಶ್ರುತಸಂಹಿತೆಯ ಶಾರೀರಸ್ಥಾನ ದೇಹದಲ್ಲಿ 900 ಸ್ನಾಯುಗಳನ್ನು ಎಣಿಸುತ್ತದೆ, 500 ಪೇಶಿಗಳನ್ನು, ಅಂದರೆ ಮಾಂಸಖಂಡಗಳನ್ನು, ಬೇರೆಯಾಗಿಯೇ ಎಣಿಸುತ್ತದೆ. ಹಲಗೆಗಳನ್ನು ಬಿಗಿದು ಕಟ್ಟಿದ ದೋಣಿ ಭಾರ ಹೊರುವ ಹಾಗೆ, ಸ್ನಾಯುಗಳು ಕಟ್ಟಿದ ದೇಹ ಭಾರ ಹೊರುತ್ತದೆ ಎನ್ನುತ್ತಾನೆ ಸುಶ್ರುತ. ಅವನ ಸ್ನಾಯು ಕಟ್ಟುವ ಹಗ್ಗ, ಮಾಂಸವಲ್ಲ, ಸುದ್ದಿ ಒಯ್ಯುವ ಎಳೆಯೂ ಅಲ್ಲ. ಈ ಸ್ನಾಯುವಿಗೂ ಗ್ರೀಕರ ‘ನ್ಯೂರಾನ್’ ಪದಕ್ಕೂ ಒಂದೇ ಮೂಲ. ದ್ರಾವಿಡದ ನರಕ್ಕೂ ಅವೆರಡಕ್ಕೂ ರಕ್ತಸಂಬಂಧವಿಲ್ಲ, ಧ್ವನಿಯ ಹೋಲಿಕೆ ಕಾಕತಾಳೀಯ. ಆದರೆ ಮೂರೂ ಪದಗಳು ಹಿಡಿದ ದಾರಿ ಮಾತ್ರ ಒಂದೇ. ಹೋಮರನ ಇಲಿಯಡ್‌ನಲ್ಲಿ ಬಿಲ್ಲುಗಾರನೊಬ್ಬ ಎದೆಯವರೆಗೆ ಎಳೆಯುವುದು ಎತ್ತಿನ ನರದ ಹೆದೆಯನ್ನು. ಅದಕ್ಕೆ ಹೋಮರ ಬಳಸಿದ ಪದ ನ್ಯೂರಾನ್‌ನ ಒಡಹುಟ್ಟು. ಗ್ರೀಸಿನ ಬೇಟೆಗಾರ, ಯಾಳ್ ನುಡಿಸುವ ತಮಿಳುನಾಡಿನ ಪಾಣ, ಹರಪನಹಳ್ಳಿಯ ಬೇಡ ಮೂವರೂ ಸತ್ತ ಪ್ರಾಣಿಯ ಮೈಯಿಂದ ಒಂದೇ ವಸ್ತುವನ್ನು ಎತ್ತಿಕೊಂಡು ಒಂದೇ ಬಗೆಯಲ್ಲಿ ಹೆಸರಿಟ್ಟರು.

ಹುರಿಯಿಂದ ಸುದ್ದಿಯ ಎಳೆಗೆ ಗ್ರೀಕರ ಪದ ದಾಟಿದ್ದು ಅಲೆಕ್ಸಾಂಡ್ರಿಯಾ ನಗರದಲ್ಲಿ, ಕ್ರಿಸ್ತಪೂರ್ವ 300ರ ಸುಮಾರಿಗೆ. ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಎಂಬ ವೈದ್ಯರು ಮನುಷ್ಯರ ಶವಗಳನ್ನು ಬಿಡಿಸಿ ನೋಡಿ, ಬಿಳಿಯ ಎಳೆಗಳಲ್ಲಿ ಕೆಲವು ಎಲುಬಿಗಲ್ಲ, ಮಿದುಳಿಗೂ ಬೆನ್ನುಹುರಿಗೂ ಹೋಗಿ ಸೇರುತ್ತವೆ ಎಂದು ಕಂಡುಕೊಂಡರು. ಮುಟ್ಟಿದ್ದನ್ನು ತಿಳಿಸುವವು ಬೇರೆ, ಅಂಗವನ್ನು ಆಡಿಸುವವು ಬೇರೆ ಎಂದೂ ವಿಂಗಡಿಸಿದರು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗೇಲೆನ್ ಎಂಬ ವೈದ್ಯ ಕಿರುಚುತ್ತಿದ್ದ ಹಂದಿಯ ಗಂಟಲಿನ ಪಕ್ಕದ ಒಂದು ಸಣ್ಣ ಎಳೆಯನ್ನು ಜನರೆದುರಿಗೇ ಕತ್ತರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ದನಿ ಮಾತ್ರ ನಿಂತುಹೋಯಿತು. ದನಿಯ ಒಡೆತನ ಗಂಟಲಿನದಲ್ಲ, ಮಿದುಳಿನದು ಎಂಬುದಕ್ಕೆ ಅಷ್ಟು ಸಾಕಾಯಿತು.

ಕನ್ನಡದ ‘ನರ’ ಈ ತಿರುವನ್ನು ತೆಗೆದುಕೊಂಡದ್ದು ಬಹಳ ತಡವಾಗಿ. ಕನ್ನಡ ಪದಗಳಿಗೆ ಅರ್ಥ ಕೊಡುವ ಕಿಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಕಾಕತಾಳೀಯವೆಂದರೆ ಅದಕ್ಕೆ ಮೂರೇ ವರ್ಷ ಮೊದಲು, 1891ರಲ್ಲಿ, ಜರ್ಮನಿಯ ವಾಲ್ಡೆಯರ್ ಗ್ರೀಕರ ಹಳೆಯ ಪದವನ್ನೇ ಎತ್ತಿಕೊಂಡು ಮಿದುಳಿನ ಒಂದು ಜೀವಕೋಶಕ್ಕೆ ‘ನ್ಯೂರಾನ್’ ಎಂದು ಹೆಸರಿಟ್ಟ. ಅಲ್ಲಿಯವರೆಗೆ ಮಿದುಳು ಎಡೆಬಿಡದ ಒಂದೇ ಬಲೆಯೋ, ಬಿಡಿಬಿಡಿ ಕೋಶಗಳ ಕೂಟವೋ ಎಂದು ದೊಡ್ಡ ಜಗಳವಿತ್ತು. ಇಟಲಿಯ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣದಿಂದ ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದಿದ್ದ. ಸಾವಿರಾರು ಕೋಶಗಳ ಗೊಂಡಾರಣ್ಯದಲ್ಲಿ ಬೆರಳೆಣಿಕೆಯವು ಮಾತ್ರ ಕಪ್ಪಾಗಿ, ಬೇರು ಕೊಂಬೆ ಸಹಿತ ಪೂರ್ತಿ ಕಾಣುತ್ತಿದ್ದವು. ಅದೇ ವಿಧಾನವನ್ನು ಹಿಡಿದು ಸ್ಪೇನಿನ ಕಾಹಾಲ್ 1888ರಿಂದ ಚಿತ್ರ ಬರೆಯುತ್ತ ಹೋಗಿ, ಪ್ರತಿ ಕೋಶವೂ ಸ್ವತಂತ್ರ, ಒಂದರ ತುದಿ ಇನ್ನೊಂದರ ಹತ್ತಿರಕ್ಕೆ ಬಂದು ನಿಲ್ಲುತ್ತದೆಯೇ ಹೊರತು ಬೆಸೆದುಕೊಳ್ಳುವುದಿಲ್ಲ ಎಂದು ತೋರಿಸಿದ. 1906ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ಗಾಲ್ಜಿ ತನ್ನ ನೊಬೆಲ್ ಭಾಷಣದಲ್ಲೂ ಬಲೆಯ ವಾದವನ್ನು ಬಿಡಲಿಲ್ಲ.

ಕನ್ನಡ ಈ ನ್ಯೂರಾನ್‌ಗೆ ಇಟ್ಟ ಹೆಸರು ‘ನರಕೋಶ’. ಪದ ಕಟ್ಟಿದ ಬಗೆ ಗಮನಿಸಬೇಕಾದದ್ದು. ನರ ಅಚ್ಚಗನ್ನಡ, ಕೋಶ ಸಂಸ್ಕೃತ. ಹದಿಮೂರನೆಯ ಶತಮಾನದ ಕೇಶಿರಾಜ ಇಂಥ ಬೆರಕೆಯನ್ನು ಅರಿಸಮಾಸ ಎಂದು ದೂರವಿಡುತ್ತಿದ್ದ. ನರಮಂಡಲ, ನರವ್ಯೂಹ, ನರವಿಜ್ಞಾನ ಎಲ್ಲವೂ ಅದೇ ಸಾಲಿಗೆ ಸೇರಿದವು. ವ್ಯಾಕರಣದ ಲೆಕ್ಕದಲ್ಲಿ ತಪ್ಪಾದ ಈ ಪದಗಳೇ ಜನರ ನಾಲಿಗೆಗೆ ಹತ್ತಿದವು. ಪಕ್ಕದ ಭಾಷೆಗಳನ್ನು ನೋಡಿದರೆ ನಮ್ಮ ಹಿರಿಯರು ಮಾಡಿದ ಆಯ್ಕೆಯ ಬೆಲೆ ಗೊತ್ತಾಗುತ್ತದೆ. ಮನೆಯಲ್ಲಿ ನರಮು ಎನ್ನುವ ತೆಲುಗರು ಶಾಲೆಯಲ್ಲಿ ‘ನಾಡೀ ಕಣಂ’ ಎಂದು ಓದುತ್ತಾರೆ. ಮಲಯಾಳಿಗಳದು ‘ನಾಡೀಕೋಶಂ’. ಮರಾಠಿಯಲ್ಲಿ ‘ಚೇತಾಪೇಶಿ’. ಹಿಂದಿಯಲ್ಲಿ ‘ತಂತ್ರಿಕಾ ಕೋಶಿಕಾ’. ಇನ್ನು ಸುಶ್ರುತನ ಸ್ನಾಯು ಬಂಗಾಳಿಯಲ್ಲಿ ನರವಾಯಿತು, ಕನ್ನಡ ಮತ್ತು ಮರಾಠಿಯಲ್ಲಿ ಮಾಂಸವಾಯಿತು. ಮನೆಯ ಪದವನ್ನೇ ಪಾಠಕ್ಕೂ ಉಳಿಸಿಕೊಂಡವರು ತಮಿಳರು ಮತ್ತು ನಾವು. ಹಡಗಲಿಯ ಹತ್ತನೇ ತರಗತಿಯ ಹುಡುಗಿ ‘ನರಕೋಶ’ ಎಂದು ಓದುವಾಗ ಅವಳ ಅಜ್ಜಿಗೆ ಆ ಪದದ ಅರ್ಧ ಆಗಲೇ ಗೊತ್ತಿರುತ್ತದೆ. ಬೆನ್ನುಹುರಿಗೆ ಪಠ್ಯದಲ್ಲಿರುವ ‘ಮಿದುಳುಬಳ್ಳಿ’ ಎಂಬ ಹೆಸರಂತೂ ನನಗೆ ತುಂಬ ಪ್ರಿಯ. ಮಿದುಳು, ಬಳ್ಳಿ ಎರಡೂ ನಮ್ಮವೇ.

ಈ ನರಕೋಶ ಮಾಡುವ ಕೆಲಸ ಏನು? ದಾವಣಗೆರೆ ಕಡೆಯಿಂದ ಕೊಟ್ಟೂರು ತೇರಿಗೆ ಬರಿಗಾಲಲ್ಲಿ ನಡೆದು ಬರುವವರೊಬ್ಬರ ಹೆಬ್ಬೆರಳು ಕಲ್ಲಿಗೆ ಎಡವಿತೆಂದು ಇಟ್ಟುಕೊಳ್ಳಿ. ಮೊದಲು ಚುಳ್ ಎನ್ನುತ್ತದೆ. ಒಂದೆರಡು ಕ್ಷಣ ಬಿಟ್ಟು ಹಬ್ಬಿಕೊಳ್ಳುವ ನೋವು ಬರುತ್ತದೆ. ಎರಡೂ ಒಂದೇ ಪೆಟ್ಟಿನ ಸುದ್ದಿಗಳು, ಆದರೆ ಬೇರೆ ಬೇರೆ ಎಳೆಗಳಲ್ಲಿ ಹೊರಟವು. ಮೊದಲನೆಯದು ತೆಳುವಾದ ಕೊಬ್ಬಿನ ಹೊದಿಕೆಯಿರುವ ಎಳೆ, ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಎರಡನೆಯದಕ್ಕೆ ಹೊದಿಕೆ ಇಲ್ಲ, ಸೆಕೆಂಡಿಗೆ ಅರ್ಧದಿಂದ 2 ಮೀಟರ್ ಮಾತ್ರ ಸಾಗುತ್ತದೆ. ದಪ್ಪ ಹೊದಿಕೆಯ ಎಳೆಗಳಲ್ಲಿ ಈ ವೇಗ 120 ಮೀಟರಿನವರೆಗೆ ಏರುತ್ತದೆ. ಬೆನ್ನುಹುರಿಯ ಕೆಳಭಾಗದಲ್ಲಿ ಕುಳಿತ ಒಂದು ನರಕೋಶ ಕಾಲಿನವರೆಗೆ ಚಾಚಿದ ಎಳೆಯ ಉದ್ದ ಸುಮಾರು ಒಂದು ಮೀಟರ್. ಕೋಶದ ಒಡಲು ಕಣ್ಣಿಗೆ ಕಾಣದಷ್ಟು ಸಣ್ಣದು, ಕೈ ಮಾತ್ರ ಅಷ್ಟುದ್ದ. ಹಳೆಯ ಕನ್ನಡಿಗ ‘ನರ’ ಎಂದಾಗ ಕಂಡ ಉದ್ದನೆಯ ಹುರಿಯ ರೂಪ ಇಲ್ಲಿ ಮತ್ತೆ ನಿಜವಾಗುತ್ತದೆ.

ಪ್ರತಿ ನರಕೋಶಕ್ಕೂ ಸುದ್ದಿ ಪಡೆಯುವ ಕವಲುಗಳಿವೆ, ಸುದ್ದಿಯನ್ನು ತೂಗಿ ನೋಡುವ ಒಡಲಿದೆ, ಮುಂದಕ್ಕೆ ಕಳಿಸುವ ಒಂದೇ ಉದ್ದನೆಯ ಎಳೆ, ಆಕ್ಸಾನ್, ಇದೆ. ಎಳೆಯ ಉದ್ದಕ್ಕೂ ಹರಿಯುವುದು ವಿದ್ಯುತ್ತಿನ ಅಲೆ. ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಪೊಟ್ಯಾಸಿಯಂ ಹೊರಬರುತ್ತದೆ, ಅಲೆ ಮುಂದೆ ಸಾಗುತ್ತದೆ. ತುದಿಗೆ ಬಂದಾಗ ವಿದ್ಯುತ್ತು ರಾಸಾಯನಿಕವಾಗಿ ಬದಲಾಗಿ, ಎರಡು ಕೋಶಗಳ ನಡುವಿನ ಸಂದಿಯನ್ನು ದಾಟುತ್ತದೆ. ಆ ಸಂದಿಗೆ ‘ಸಿನಾಪ್ಸ್’ ಎಂಬ ಹೆಸರು ಬಂದದ್ದು 1897ರಲ್ಲಿ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಎಣಿಸಿದರು. ಅವುಗಳಲ್ಲಿ ನೂರಕ್ಕೆ ಎಂಬತ್ತು ಭಾಗ ಇರುವುದು ತಲೆಯ ಹಿಂಭಾಗದ ಚಿಕ್ಕ ಮಿದುಳಿನಲ್ಲಿ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರ ಪದ್ಮಶ್ರೀ ಬಂದಾಗ ದೇಶವೆಲ್ಲ ಜೋಗತಿ ಕುಣಿತವನ್ನು ನೋಡಿತು. ತಲೆಯ ಮೇಲಿನ ಕೊಡ ಅಲುಗದ ಹಾಗೆ ಮೈಯೆಲ್ಲ ಬಳುಕುವ ಆ ಕಲೆ ಈ ಚಿಕ್ಕ ಮಿದುಳಿನ ಕೆಲಸ. ಅಲ್ಲಿಯ ಪುರ್ಕಿಂಜೆ ಎಂಬ ಒಂದೊಂದು ಕೋಶವೂ ಲಕ್ಷಕ್ಕೂ ಮೀರಿದ ಎಳೆಗಳ ಸುದ್ದಿ ಪಡೆದು, ಕತ್ತು ಎಷ್ಟು ವಾಲಬೇಕು, ಪಾದ ಎಷ್ಟು ಸರಿಯಬೇಕು ಎಂಬುದನ್ನು ತಿದ್ದುತ್ತಿರುತ್ತದೆ. ವರ್ಷಗಟ್ಟಲೆ ಅಭ್ಯಾಸವೆಂದರೆ ಆ ಸಂದಿಗಳನ್ನು ಗಟ್ಟಿ ಮಾಡುವುದು, ಸಡಿಲ ಮಾಡುವುದು.

ಮಿದುಳಿನಲ್ಲಿ ನರಕೋಶದಷ್ಟೇ ಸಂಖ್ಯೆಯಲ್ಲಿ ಇನ್ನೊಂದು ಕುಲವಿದೆ. 1856ರಲ್ಲಿ ವಿರ್ಷೊ ಅದಕ್ಕೆ ನರದ ಅಂಟು ಎಂಬರ್ಥ ಬರುವಂತೆ ‘ಗ್ಲಿಯಾ’ ಎಂದು ಹೆಸರಿಟ್ಟ. ಹೆಸರೇ ಅದಕ್ಕೆ ಶತ್ರುವಾಯಿತು. ಅಂಟೆಂದ ಮೇಲೆ ಅದರ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನಿಜದಲ್ಲಿ ಅವುಗಳಲ್ಲಿ ನಕ್ಷತ್ರದಾಕಾರದವು ರಕ್ತನಾಳಕ್ಕೂ ನರಕೋಶಕ್ಕೂ ನಡುವೆ ನಿಂತು ಪೋಷಿಸುತ್ತವೆ. ಕೆಲವು ಆಕ್ಸಾನಿಗೆ ಕೊಬ್ಬಿನ ಹೊದಿಕೆ ಸುತ್ತುತ್ತವೆ. ಮೈಕ್ರೋಗ್ಲಿಯಾ ಎಂಬವು ಕಾವಲು ಕಾಯುತ್ತವೆ, ಕಸ ಬಳಿಯುತ್ತವೆ. ಕನ್ನಡದಲ್ಲಿ ಇವಕ್ಕೆ ಜನರ ಬಾಯಿಗೆ ಹತ್ತುವ ಹೆಸರು ಇನ್ನೂ ಹುಟ್ಟಿಲ್ಲ. ಹುಟ್ಟಬೇಕು.

ಪದದ ಇನ್ನೊಂದು ತಿರುವು ನೋವಿನದು. ಬಲದ ಹೆಸರಾಗಿದ್ದ ನರ ದೌರ್ಬಲ್ಯದ ಹೆಸರಾಯಿತು. ಇಂಗ್ಲಿಷಿನಲ್ಲೂ ಹೀಗೇ ಆಗಿದೆ. ಒಂದು ಕಾಲಕ್ಕೆ ಕಸುವುಳ್ಳವನು ಎಂಬರ್ಥವಿದ್ದ ‘ನರ್ವಸ್’ ಈಗ ಅಳುಕುವವನಿಗೆ ಅಂಟಿದೆ. 1869ರಲ್ಲಿ ಅಮೆರಿಕದ ವೈದ್ಯ ಬಿಯರ್ಡ್ ದಣಿವು, ನಿದ್ರಾಹೀನತೆ, ಬೇಸರಗಳಿಗೆ ‘ನ್ಯೂರಾಸ್ತೇನಿಯಾ’ ಎಂಬ ಹೆಸರು ಚಾಲ್ತಿಗೆ ತಂದ. ಬಿಡಿಸಿದರೆ ನರ ಮತ್ತು ದುರ್ಬಲತೆ. ನಮ್ಮ ‘ನರದೌರ್ಬಲ್ಯ’ದ ಎರಡು ತುಂಡುಗಳೂ ಇವೇ. ಬಸ್ ನಿಲ್ದಾಣದ ಗೋಡೆಗಳ ಮೇಲೆ, ಲಾಡ್ಜಿನಲ್ಲಿ ಕೂತು ಔಷಧಿ ಕೊಡುವವರ ಕರಪತ್ರಗಳಲ್ಲಿ ಈ ಪದ ಹರೆಯದ ಹುಡುಗರನ್ನು ಹೆದರಿಸಿ ದುಡ್ಡು ಕಿತ್ತಿದೆ. ಆ ಅರ್ಥದ ನರದೌರ್ಬಲ್ಯ ಎಂಬ ರೋಗ ವೈದ್ಯಶಾಸ್ತ್ರದಲ್ಲಿ ಇಲ್ಲ. ಇದನ್ನು ಹೈಸ್ಕೂಲಿನಲ್ಲೇ ಹೇಳಿಕೊಡಬೇಕು.

ಆದರೆ ಇದೇ ಪದ ಈ ಸೀಮೆಯಲ್ಲಿ ಒಂದು ದೊಡ್ಡ ಉಪಕಾರವನ್ನೂ ಮಾಡಿದೆ ಎಂದು ನಾನು ನಂಬಿದ್ದೇನೆ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅದರ ಕನ್ನಡದ ಹೆಸರಿನಲ್ಲಿ ಮಾನಸಿಕ ಆರೋಗ್ಯದ ಜೊತೆಗೆ ನರವಿಜ್ಞಾನವೂ ಸೇರಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಲು ನಿಮ್ಹಾನ್ಸ್ 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಆಗ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ನಾಲ್ಕೂ ಅದೇ ಜಿಲ್ಲೆಯ ತಾಲ್ಲೂಕುಗಳು, ಕೊಟ್ಟೂರು ಆಗ ಕೂಡ್ಲಿಗಿಯ ಹೋಬಳಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಮತ್ತು ಅಪಸ್ಮಾರವನ್ನು ಗುರುತಿಸುವ ತರಬೇತಿ ಕೊಟ್ಟರು. ಫಿನೊಬಾರ್ಬಿಟೋನಿನಂಥ ಅಗ್ಗದ ಮಾತ್ರೆ ಕೇಂದ್ರದಲ್ಲೇ ಸಿಗುವಂತೆ ಮಾಡಿದರು. ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಮೊದಲಾದವರು ದುಡಿದ ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಇವತ್ತು ಈ ಊರುಗಳು ವಿಜಯನಗರ ಜಿಲ್ಲೆಗೆ ಸೇರಿವೆ. ದೇಶಕ್ಕೇ ದಾರಿ ತೋರಿಸಿದ ಆ ಕೆಲಸದ ನೆನಪು ಇಲ್ಲಿಯ ಶಾಲೆಯ ಪಾಠದಲ್ಲಿ ಎಲ್ಲೂ ಇಲ್ಲದಿರುವುದು ಬೇಸರದ ಸಂಗತಿ.

ಅಪಸ್ಮಾರಕ್ಕೆ ಇಲ್ಲಿ ಮೂರ್ಛೆ ಎನ್ನುತ್ತಾರೆ, ಈಗ ಹೆಚ್ಚಾಗಿ ‘ಫಿಟ್ಸ್ ಬರ್ತಾವ’ ಎನ್ನುತ್ತಾರೆ. ನರಕೋಶಗಳ ಗುಂಪೊಂದು ಹದ ತಪ್ಪಿ ಒಮ್ಮೆಲೇ ಮಿಡಿಯುವುದು ಅದರ ಮೂಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ವೈದ್ಯರು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ನೋಡಿದಾಗ ಸಾವಿರಕ್ಕೆ ಸುಮಾರು 9 ಮಂದಿಗೆ ಅಪಸ್ಮಾರವಿತ್ತು. ಪಟ್ಟಣದಲ್ಲಿ 6, ಹಳ್ಳಿಯಲ್ಲಿ 12. ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಒಂದು ಬಗೆಯ ಮೂರ್ಛೆ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬಂದಿದೆ, ಡಾ. ಕೆ. ಎಸ್. ಮಣಿ ಅದನ್ನು ಮೊದಲು ವಿವರವಾಗಿ ದಾಖಲಿಸಿದರು. ದೆವ್ವ ಹಿಡಿದಿದೆ ಎಂದೋ ದೇವಿಯ ಸಿಟ್ಟೆಂದೋ ಹೇಳಿದರೆ ಮನೆಯವರು ಮಗುವನ್ನು ಒಳಗೆ ಮುಚ್ಚಿಡುತ್ತಾರೆ. ಹುಚ್ಚು ಎಂದರೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. “ನರದ ರೋಗ, ಗುಳಿಗಿಗೆ ಬಗ್ಗತೈತಿ” ಎಂದರೆ ಕೇಳುವವರಿದ್ದಾರೆ. ಯಾಕೆಂದರೆ ನರ ಎಲ್ಲರಿಗೂ ಇದೆ, ಎಲ್ಲರ ನರವೂ ಒಮ್ಮೊಮ್ಮೆ ಹಿಡಿಯುತ್ತದೆ. ಅದರಲ್ಲಿ ನಾಚಿಕೆಯಿಲ್ಲ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಹತ್ತರಲ್ಲಿ ಏಳು ಮಂದಿಗೆ ಮೂರ್ಛೆ ನಿಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನರಕೋಶಗಳ ಸಂದಿಯನ್ನು ಈ ಊರುಗಳ ರೈತ ಹೆಸರು ಗೊತ್ತಿಲ್ಲದೆಯೇ ಬಲ್ಲ. ಮೆಕ್ಕೆಜೋಳಕ್ಕೂ ಹತ್ತಿಗೂ ‘ಎಣ್ಣಿ ಹೊಡೆಯುವ’ ದಿನ ಕೆಲವರಿಗೆ ಬೆವರು ಕಿತ್ತುಕೊಂಡು ಬರುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣು ಮಂಜಾಗುತ್ತದೆ, ಮಾಂಸಖಂಡಗಳು ತಾವೇ ಮಿಡುಕುತ್ತವೆ. ಮೋನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಜಾತಿಯ ವಿಷಗಳು ಕೀಟದ ನರಸಂದಿಯನ್ನು ಕೆಡಿಸಲೆಂದೇ ತಯಾರಾದವು. ಸುದ್ದಿ ದಾಟಿದ ಮೇಲೆ ಅದನ್ನು ದಾಟಿಸಿದ ರಾಸಾಯನಿಕವನ್ನು ಒಡೆದುಹಾಕುವ ಕಿಣ್ವವೊಂದಿದೆ. ವಿಷ ಅದನ್ನು ಕಟ್ಟಿಹಾಕುತ್ತದೆ, ಸುದ್ದಿ ನಿಲ್ಲದೆ ಬಡಿಯುತ್ತಲೇ ಇರುತ್ತದೆ. ಹುಳುವಿನ ಸಂದಿಗೂ ಮನುಷ್ಯನ ಸಂದಿಗೂ ಈ ವಿಷಯದಲ್ಲಿ ಭೇದವಿಲ್ಲ. ಗಾಳಿಗೆ ಎದುರಾಗಿ ಹೊಡೆಯಬೇಡಿ, ಮೈಗೆ ಬಿದ್ದರೆ ಬಟ್ಟೆ ಬಿಚ್ಚಿ ಸೋಪಿನಿಂದ ತೊಳೆಯಿರಿ, ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಿರಿ ಎಂಬ ಮಾತುಗಳ ಹಿಂದೆ ಇರುವುದು ಇಷ್ಟೇ ಶಾಸ್ತ್ರ.

ಕಡೆಯದಾಗಿ ‘ಲಕ್ವ’. ಅರಬ್ಬಿಯಿಂದ ಉರ್ದುವಿನ ಮೂಲಕ ಬಂದ ಪದ. ಯುನಾನಿ ವೈದ್ಯದಲ್ಲಿ ಲಕ್ವ ಎಂದರೆ ಮುಖ ಸೊಟ್ಟಗಾಗುವುದು ಮಾತ್ರ, ಅರ್ಧ ಮೈ ಬೀಳುವುದಕ್ಕೆ ಫಾಲಿಜ್ ಎಂಬ ಬೇರೆ ಹೆಸರಿದೆ. ಈ ಕಡೆ ಎರಡೂ ಲಕ್ವವೇ. “ಲಕ್ವ ಹೊಡದೈತಿ” ಎಂದಾಗ ನಮ್ಮವರು ನೆನೆಯುವುದು ಬಿದ್ದ ಕೈ, ಬಿದ್ದ ಕಾಲು, ಅಲ್ಲಿಯ ನರ. ಆ ನರವನ್ನು ಎಬ್ಬಿಸಲು ಎಣ್ಣೆ ಹಚ್ಚಿ ತೀಡುವವರ ಹತ್ತಿರ, ನಾಟಿ ಔಷಧಿ ಕೊಡುವ ಊರುಗಳಿಗೆ ಕರೆದೊಯ್ಯುತ್ತಾರೆ. ಹಳೆಯ ಅರ್ಥ ಇಲ್ಲಿ ಕೈ ಕೊಡುತ್ತದೆ. ಕೈಯ ನರಕ್ಕೆ ಏನೂ ಆಗಿಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ ಇಲ್ಲವೇ ಒಡೆದಿದೆ, ಅಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತಿವೆ. ಕಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ, ಅದೂ ಸ್ಕ್ಯಾನ್ ಆದ ಮೇಲೆ.

ಈ ತಾಲ್ಲೂಕುಗಳಲ್ಲಿ ಕೆಲಸ ಮಾಡುವ ವೈದ್ಯರಲ್ಲಿ ನನ್ನದೊಂದು ಕೋರಿಕೆ. ರೋಗಿ ‘ನರ’ ಎಂದಾಗ ತಿದ್ದಬೇಡಿ, ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿ, ಹಿಡಿಯುತ್ತದೆಯೋ ಎಳೆಯುತ್ತದೆಯೋ ಜುಮ್ಮೆನ್ನುತ್ತದೆಯೋ ಕೇಳಿ. ಆ ಒಂದು ಕ್ರಿಯಾಪದದಲ್ಲೇ ಅರ್ಧ ರೋಗನಿರ್ಣಯವಿರುತ್ತದೆ. ಮೂರ್ಛೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೊಂದು. ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಉಳಿದವರೆಲ್ಲರಿಗೂ ಹೇಳುವುದು ಇಷ್ಟು: ಮನೆಯಲ್ಲಿ ಯಾರದಾದರೂ ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತೀಡುವವರನ್ನು ಹುಡುಕಬೇಡಿ. 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಯಾವುದು ಹತ್ತಿರವೋ ಅಲ್ಲಿಗೆ ಹೊರಡಿ. ಹೊರಡುವ ಮೊದಲು ಲಕ್ಷಣ ಶುರುವಾದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅಲ್ಲಿಯ ವೈದ್ಯರು ಮೊಟ್ಟಮೊದಲು ಕೇಳುವುದು ಅದನ್ನೇ.